ಖಾಲಿ ಇದ್ದೂ ಸಿಗದ ಮೆಮೊರಿ

‘ಪೇಜ್ ಅಲೊಕೇಶನ್ ಫೈಲ್ಯೂರ್, ಆರ್ಡರ್ 5’ ಎಂಬ ಸಾಲು ಕರ್ನಲ್‌ನ, ಅಂದರೆ ಕಾರ್ಯವ್ಯವಸ್ಥೆಯ ತಿರುಳಿನ, ಲಾಗ್‌ನಲ್ಲಿ ಮೊದಲ ಸಲ ಕಾಣಿಸಿಕೊಂಡಾಗ ನಾನು ಅದನ್ನು ಮೆಮೊರಿ ಕೊರತೆಯ ದೂರು ಎಂದೇ ಓದಿಕೊಂಡೆ. ಆ ಸಾಲಿಗೆ ಕಾರಣ ನಾನೇ ಬರೆದು ನಾನೇ ನೋಡಿಕೊಳ್ಳುವ ಒಂದು ಸಣ್ಣ ಲಿನಕ್ಸ್ ಡ್ರೈವರ್. 16 ಜಿಬಿ ಮೆಮೊರಿಯ ಪರೀಕ್ಷಾ ಯಂತ್ರವೊಂದರಲ್ಲಿ ಐದಾರು ವಾರ ಯಾವ ತಕರಾರೂ ಇಲ್ಲದೆ ಓಡಿದ್ದ ಆ ಡ್ರೈವರ್ ಒಂದು ದಿನ ಇದ್ದಕ್ಕಿದ್ದಂತೆ ಹೊಸ ಸಂಪರ್ಕಗಳಲ್ಲಿ ಕೆಲವನ್ನು ನಿರಾಕರಿಸತೊಡಗಿತು. ರೀಬೂಟ್ ಮಾಡಿದ್ದರೆ ತೊಂದರೆ ಮಾಯವಾಗುತ್ತಿತ್ತು, ಅದರೊಂದಿಗೆ ಸಾಕ್ಷ್ಯವೂ ಮಾಯವಾಗುತ್ತಿತ್ತು. ಆದ್ದರಿಂದ ಆ ಆಸೆಯನ್ನು ತಡೆದುಕೊಂಡು ‘ಫ್ರೀ’ ಕಮಾಂಡ್ ಕೊಟ್ಟು ನೋಡಿದೆ. ಸುಮಾರು 2.4 ಜಿಬಿ ಮೆಮೊರಿ ಖಾಲಿ ಇತ್ತು. ಡ್ರೈವರ್ ಕೇಳಿ ಸಿಗದೆ ಹೋದದ್ದು 128 ಕೆಬಿ. ಕೇಳಿದ್ದಕ್ಕಿಂತ ಹತ್ತೊಂಬತ್ತು ಸಾವಿರ ಪಟ್ಟಿಗೂ ಹೆಚ್ಚು ಜಾಗ ಇಟ್ಟುಕೊಂಡು ಕರ್ನಲ್ ‘ಇಲ್ಲ’ ಎಂದಿತ್ತು.

ಕರ್ನಲ್ ತನ್ನ ಒಳಸ್ಥಿತಿಯನ್ನು ಫೈಲುಗಳ ರೂಪದಲ್ಲಿ ತೋರಿಸುವ ಪ್ರಾಕ್ ಕಡತವ್ಯವಸ್ಥೆಯಲ್ಲಿ ‘ಬಡ್ಡಿಇನ್ಫೋ’ ಎಂಬ ಒಂದು ಫೈಲು ಇದೆ. ಖಾಲಿ ಮೆಮೊರಿ ಎಷ್ಟಿದೆ ಎಂಬುದಕ್ಕಿಂತ ಅದು ಯಾವ ಯಾವ ಗಾತ್ರದ ತುಂಡುಗಳಾಗಿ ಬಿದ್ದಿದೆ ಎಂಬುದನ್ನು ಈ ಫೈಲು ತೋರಿಸುತ್ತದೆ. ಭೌತಿಕ ಮೆಮೊರಿಯ ಮೂಲ ಘಟಕ ಪುಟ; ತುಂಡಿನ ಗಾತ್ರದ ಮೆಟ್ಟಿಲು ಆರ್ಡರ್. ಸೊನ್ನೆಯ ಆರ್ಡರ್ ಎಂದರೆ 4 ಕೆಬಿಯ ಒಂದೇ ಪುಟ, ಒಂದನೆಯ ಆರ್ಡರ್ ಎಂದರೆ ಅಕ್ಕಪಕ್ಕದ ಎರಡು ಪುಟಗಳು, ಎರಡನೆಯದು ನಾಲ್ಕು ಪುಟಗಳು, ಹೀಗೆ ದುಪ್ಪಟ್ಟಾಗುತ್ತಾ ಹತ್ತನೆಯ ಆರ್ಡರ್‌ನಲ್ಲಿ 1024 ಪುಟಗಳ, ಅಂದರೆ 4 ಎಂಬಿಯ, ಅಖಂಡ ತುಂಡು. ನನ್ನ ಯಂತ್ರದ ಮೆಮೊರಿಯ ಮುಖ್ಯ ವಲಯಗಳ (ಕರ್ನಲ್ ಮಾಡಿಕೊಂಡ ದೊಡ್ಡ ವಿಭಾಗಗಳ) ಸಾಲುಗಳನ್ನು ಕೂಡಿಸಿದಾಗ ಒಂಟಿ ಪುಟಗಳು ಮೂರು ಲಕ್ಷದ ಹತ್ತು ಸಾವಿರದಷ್ಟು, ಜೋಡಿ ಪುಟಗಳು ಒಂದು ಲಕ್ಷದ ಇಪ್ಪತ್ತೊಂದು ಸಾವಿರದಷ್ಟು, ನಾಲ್ಕು ಪುಟಗಳ ತುಂಡುಗಳು ಹದಿನೆಂಟು ಸಾವಿರ, ಎಂಟು ಪುಟಗಳವು ಒಂಬೈನೂರು, ಹದಿನಾರು ಪುಟಗಳವು ಹನ್ನೊಂದು. ಅಲ್ಲಿಂದ ಮುಂದೆ ಬರೀ ಸೊನ್ನೆ. ನನಗೆ ಬೇಕಿದ್ದದ್ದು ಮೂವತ್ತೆರಡು ಪುಟಗಳ ಒಂದು ತುಂಡು. ಹನಿಗೂಡಿದರೆ ಹಳ್ಳ ಎಂಬ ಮಾತು ಭೌತಿಕ ಮೆಮೊರಿಯ ವಿಷಯದಲ್ಲಿ ನಡೆಯುವುದಿಲ್ಲ. ಇಲ್ಲಿ ಹನಿಗಳು ಇದ್ದಲ್ಲಿಯೇ ಹನಿಗಳಾಗಿ ಉಳಿಯುತ್ತವೆ.

ಪೇಜಿಂಗ್, ಅಂದರೆ ಪ್ರೋಗ್ರಾಂ ಕಾಣುವ ವಿಳಾಸಗಳನ್ನು ಪುಟಪುಟವಾಗಿ ಭೌತಿಕ ಮೆಮೊರಿಗೆ ಜೋಡಿಸುವ ಪದ್ಧತಿ, ಬಂದ ಮೇಲೆ ಈ ಸಮಸ್ಯೆಯೇ ಇರಬಾರದಲ್ಲವೇ ಎಂಬ ಪ್ರಶ್ನೆ ಸಹಜ. ಬಳಕೆದಾರನ ಪ್ರೋಗ್ರಾಂಗಳಿಗೆ ಸಂಬಂಧಿಸಿದಂತೆ ಅದು ಬಹುಮಟ್ಟಿಗೆ ಸರಿಯಾದ ಮಾತೇ. ಒಂದು ಪ್ರೋಗ್ರಾಂ 1 ಜಿಬಿ ಕೇಳಿದರೆ ಅದಕ್ಕೆ ಕಾಣುವ ವಿಳಾಸಗಳು ಸಾಲಾಗಿರುತ್ತವೆ. ಆ ವಿಳಾಸಗಳ ಹಿಂದಿನ ಭೌತಿಕ ಪುಟಗಳು ಎಲ್ಲೆಲ್ಲಿ ಚದುರಿದ್ದರೂ ಆ ಜೋಡಣೆಯ ಪಟ್ಟಿಯಾದ ಪೇಜ್ ಟೇಬಲ್ ಅವನ್ನು ಹೊಲಿದು ಕೊಡುತ್ತದೆ. ಆದರೆ ಕರ್ನಲ್ ತನ್ನ ಸ್ವಂತ ಬಳಕೆಗೆ ಈ ಸೌಕರ್ಯವನ್ನು ಬೇಕೆಂದೇ ಅರ್ಧ ಬಿಟ್ಟುಕೊಟ್ಟಿದೆ. 64 ಬಿಟ್ ಎಕ್ಸ್86 ಯಂತ್ರಗಳಲ್ಲಿ ಲಿನಕ್ಸ್ ಇಡೀ ಭೌತಿಕ ಮೆಮೊರಿಯನ್ನು ಒಂದು ನಿಶ್ಚಿತ ಅಂತರ ಕೂಡಿಸಿ ತನ್ನ ವಿಳಾಸಗಳಲ್ಲಿ ನೇರವಾಗಿ ಹಾಸಿಕೊಂಡಿರುತ್ತದೆ. ಹೀಗೆ ಮಾಡುವುದರಿಂದ ಕರ್ನಲ್ ವಿಳಾಸದಿಂದ ಭೌತಿಕ ವಿಳಾಸಕ್ಕೆ ಹೋಗಲು ಒಂದು ಕಳೆಯುವ ಲೆಕ್ಕ ಸಾಕು, ಮತ್ತು ಆ ಹಾಸನ್ನು ದೊಡ್ಡ ಪುಟಗಳಿಂದಲೇ ಹೊಲಿಯಬಹುದಾದ್ದರಿಂದ ಪ್ರೊಸೆಸರ್ ಇತ್ತೀಚಿನ ವಿಳಾಸ ಅನುವಾದಗಳನ್ನು ಇಟ್ಟುಕೊಳ್ಳುವ ಟಿಎಲ್‌ಬಿಯ ಮೇಲೆ ಹೊರೆಯೂ ಕಡಿಮೆ. ಅದಕ್ಕೆ ತೆರುವ ಬೆಲೆ ಏನೆಂದರೆ, ಕರ್ನಲ್ ಕೋಡ್ ಮೆಮೊರಿ ಕೇಳುವ ಸಾಮಾನ್ಯ ಫಂಕ್ಷನ್ ಆದ ಕೆಮ್ಯಾಲಕ್ ಮೂಲಕ ಪಡೆದ ಜಾಗ ಕರ್ನಲ್ ವಿಳಾಸಗಳಲ್ಲಿ ಅಖಂಡವಾಗಿರಬೇಕಾದರೆ ಭೌತಿಕವಾಗಿಯೂ ಅಖಂಡವಾಗಿರಲೇಬೇಕು. ಇದರ ಜೊತೆಗೆ, ಚದುರಿದ ಪುಟಗಳ ಪಟ್ಟಿಯನ್ನು ಓದಲು ಬಾರದ, ಸಾಧನಗಳಿಗೆ ವಿಳಾಸ ಅನುವಾದಿಸಿಕೊಡುವ ಐಒಎಂಎಂಯುವಿನ ಆಸರೆಯೂ ಇಲ್ಲದ ಸಾಧನಗಳು ಡಿಎಂಎಗಾಗಿ, ಅಂದರೆ ಪ್ರೊಸೆಸರ್ ಮಧ್ಯೆ ಬಾರದೆ ತಾವೇ ಮೆಮೊರಿ ಮುಟ್ಟಲು, ಒಂದೇ ಅಖಂಡ ತುಂಡು ಬೇಡುತ್ತವೆ. 2 ಎಂಬಿಯ ದೊಡ್ಡ ಪುಟವೊಂದನ್ನು ಕಟ್ಟಲು 512 ಪುಟಗಳು ಒತ್ತಟ್ಟಿಗೆ, ಅದೂ 2 ಎಂಬಿಯ ಗಡಿಯಿಂದಲೇ ಆರಂಭವಾಗಿ, ಖಾಲಿ ಇರಬೇಕಾಗುತ್ತದೆ.

ಪುಟಗಳನ್ನು ಹಂಚುವ ಕೆಲಸ ಲಿನಕ್ಸ್‌ನಲ್ಲಿ ಬಡ್ಡಿ ಅಲೊಕೇಟರ್‌ನದು. ಕನ್ನಡದಲ್ಲಿ ಹೀಗೆ ಬರೆದಾಗ ಸಾಲದ ಬಡ್ಡಿಯೇ ಮೊದಲು ನೆನಪಾಗುತ್ತದೆ; ಆ ಹೆಸರಿನ ಇಂಗ್ಲಿಷ್ ಅರ್ಥ ಜೊತೆಗಾರ ಎಂದಾದರೂ, ಕೇಳಿದ್ದಕ್ಕಿಂತ ಹೆಚ್ಚಿನ ಮೆಮೊರಿ ತೆರಬೇಕಾಗುವ ಈ ಪದ್ಧತಿಗೆ ನಮ್ಮ ಅರ್ಥವೂ ಹೊಂದುತ್ತದೆ ಎಂದು ನನಗೆ ಅನ್ನಿಸುತ್ತದೆ. ಈ ಉಪಾಯ ಬಹಳ ಹಳೆಯದು. ಕೆನೆತ್ ನೋಲ್ಟನ್ ಅದನ್ನು 1965ರಲ್ಲಿ ಪ್ರಕಟಿಸಿದರು. ಮುಂದೆ ಅರ್ಥಶಾಸ್ತ್ರದಲ್ಲಿ ನೊಬೆಲ್ ಪಡೆದ ಹ್ಯಾರಿ ಮಾರ್ಕೋವಿಟ್ಜ್ ಅದಕ್ಕೂ ಎರಡು ವರ್ಷ ಮೊದಲೇ ಅದನ್ನು ಬಳಸಿದ್ದರೆಂದು ಡೊನಾಲ್ಡ್ ಕ್ನೂತ್ ದಾಖಲಿಸಿದ್ದಾರೆ. ದೊಡ್ಡ ತುಂಡೊಂದನ್ನು ಬೇಕಾದ ಗಾತ್ರ ಬರುವವರೆಗೆ ಅರ್ಧರ್ಧ ಸೀಳುತ್ತಾ ಹೋಗುವುದು, ಮರಳಿ ಬಂದಾಗ ಅದರ ಜೊತೆಗಾರ ತುಂಡೂ ಖಾಲಿ ಇದ್ದರೆ ಎರಡನ್ನೂ ಬೆಸೆದು ಮೇಲಿನ ಆರ್ಡರ್‌ಗೆ ಏರಿಸುವುದು, ಇಷ್ಟೇ ಅದರ ಸಾರ. ಜೊತೆಗಾರ ಯಾರೆಂದು ಹುಡುಕುವ ಕಷ್ಟವೇ ಇಲ್ಲ: ಪುಟದ ಸಂಖ್ಯೆಯಲ್ಲಿ ಆ ಆರ್ಡರ್‌ಗೆ ಸೇರಿದ ಒಂದು ಬಿಟ್ಟನ್ನು ತಿರುಗಿಸಿದರೆ ಸಾಕು. 40ನೆಯ ಪುಟದಿಂದ ಆರಂಭವಾಗುವ ಎಂಟು ಪುಟಗಳ ತುಂಡಿಗೆ 32ರಿಂದ ಆರಂಭವಾಗುವ ತುಂಡು ಜೊತೆಗಾರ. ಅವೆರಡೂ ಕೂಡಿ 32ರಿಂದ ಹದಿನಾರು ಪುಟಗಳ ತುಂಡಾದರೆ, ಅದಕ್ಕೆ 48ರಿಂದ ಆರಂಭವಾಗುವುದು ಜೊತೆಗಾರ. 48ರ ತುಂಡು 40ರ ತುಂಡಿಗೆ ಅಂಟಿಕೊಂಡೇ ಇದ್ದರೂ ಅವೆರಡೂ ನೇರವಾಗಿ ಎಂದಿಗೂ ಬೆಸೆಯುವುದಿಲ್ಲ. ಈ ಕಟ್ಟುನಿಟ್ಟೇ ಈ ಪದ್ಧತಿಯ ವೇಗಕ್ಕೂ ಕಾರಣ, ಅದರ ದುಂದುವೆಚ್ಚಕ್ಕೂ ಕಾರಣ.

ದುಂದುವೆಚ್ಚದ ಒಂದು ಮುಖ ಒಳಗಿನ ಫ್ರಾಗ್ಮೆಂಟೇಶನ್, ಅಂದರೆ ಕೊಟ್ಟ ತುಂಡಿನ ಒಳಗೇ ಬಳಕೆಯಾಗದೆ ಉಳಿಯುವ ಜಾಗ. ನನ್ನ ಡ್ರೈವರ್‌ನ ವಿಷಯದಲ್ಲಿ ಇದು ನಾಚಿಕೆ ಬರಿಸುವಂತಿತ್ತು. ಪ್ರತಿ ಸಂಪರ್ಕಕ್ಕೂ 64 ಕೆಬಿಯ ಒಂದು ಬಫರ್ ಬೇಕಿತ್ತು. ಅದರ ತಲೆಯಲ್ಲಿ ಕೆಲವು ವಿವರಗಳನ್ನು ಇಟ್ಟುಕೊಳ್ಳಲು 24 ಬೈಟ್‌ಗಳ ಒಂದು ಶಿರೋಭಾಗವನ್ನು ನಾನು ಅದೇ ಸ್ಟ್ರಕ್ಚರ್‌ನಲ್ಲಿ ಸೇರಿಸಿದ್ದೆ. ಒಟ್ಟು 65,560 ಬೈಟ್. ಅಷ್ಟು ದೊಡ್ಡ ಕೋರಿಕೆಯನ್ನು ಕೆಮ್ಯಾಲಕ್ ನೇರವಾಗಿ ಪುಟಗಳ ಅಲೊಕೇಟರ್‌ಗೆ ದಾಟಿಸುತ್ತದೆ. ಅಲ್ಲಿ ಎರಡರ ಘಾತಗಳಷ್ಟೇ ಇರುವುದರಿಂದ 64 ಕೆಬಿಯ ನಂತರದ ಮೆಟ್ಟಿಲು 128 ಕೆಬಿ. 24 ಬೈಟ್‌ಗಳ ಆಸೆಗೆ 65,512 ಬೈಟ್‌ಗಳು ಪ್ರತಿ ಸಂಪರ್ಕದಲ್ಲೂ ವ್ಯರ್ಥವಾಗುತ್ತಿದ್ದವು, ಮತ್ತು ನಾಲ್ಕನೆಯ ಆರ್ಡರ್‌ನಲ್ಲಿ ಮುಗಿಯಬೇಕಿದ್ದ ಕೋರಿಕೆ ಐದನೆಯದಕ್ಕೆ ಏರಿತ್ತು. ಬಡ್ಡಿ ಅಸಲನ್ನು ಮೀರುವುದು ಎಂದರೆ ಇದೇ.

ಇನ್ನೊಂದು ಮುಖ ಹೊರಗಿನ ಫ್ರಾಗ್ಮೆಂಟೇಶನ್, ತುಂಡುಗಳ ನಡುವೆ ಖಾಲಿ ಜಾಗ ಚೂರುಚೂರಾಗಿ ಉಳಿಯುವುದು. ಅದರ ಗಣಿತವನ್ನು ಕಾಗದದ ಮೇಲೆ ಬರೆದು ನೋಡಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನಾದೆ. 4 ಎಂಬಿಯ ತುಂಡಿನಲ್ಲಿ ಒಂದೇ ಒಂದು ಪುಟ ಬಳಕೆಯಲ್ಲಿದ್ದರೆ ಉಳಿದ 1023 ಪುಟಗಳು 512, 256, 128 ಎಂದು ಪ್ರತಿ ಆರ್ಡರ್‌ಗೂ ಒಂದರಂತೆ ಸೀಳಿಕೊಳ್ಳುತ್ತವೆ. ಅದೇನೂ ದೊಡ್ಡ ಅನಾಹುತವಲ್ಲ, ಇನ್ನೂ 2 ಎಂಬಿಯ ಅಖಂಡ ತುಂಡೊಂದು ಉಳಿದಿದೆ. ಆದರೆ ಬಳಕೆಯಲ್ಲಿರುವ ಪುಟಗಳು ಕೆಟ್ಟ ರೀತಿಯಲ್ಲಿ ಸಮನಾಗಿ ಹರಡಿಕೊಂಡರೆ ಲೆಕ್ಕವೇ ಬೇರೆ. 128 ಕೆಬಿಯ ಒಂದು ತುಂಡೂ ಸಿಗದಂತೆ ಮಾಡಲು ಪ್ರತಿ ಮೂವತ್ತೆರಡು ಪುಟಗಳಲ್ಲಿ ಒಂದು ಪುಟ ಬಳಕೆಯಲ್ಲಿದ್ದರೆ ಸಾಕು. 16 ಜಿಬಿಯಲ್ಲಿ ಅದು 512 ಎಂಬಿ. 2 ಎಂಬಿಯ ಒಂದು ದೊಡ್ಡ ಪುಟವೂ ಸಿಗದಂತೆ ಮಾಡಲು 512 ಪುಟಗಳಿಗೊಂದು ಸಾಕು. 16 ಜಿಬಿಯಲ್ಲಿ ಅಂತಹ 8192 ಕ್ಷೇತ್ರಗಳಿವೆ, ಆದ್ದರಿಂದ 8192 ಪುಟಗಳು, ಅಂದರೆ ಕೇವಲ 32 ಎಂಬಿ. ಯಂತ್ರದ ಮೆಮೊರಿಯಲ್ಲಿ ಶೇಕಡಾ 99.8ರಷ್ಟು ಖಾಲಿ ಇದ್ದೂ ಒಂದೇ ಒಂದು ದೊಡ್ಡ ಪುಟ ಸಿಗದ ಸ್ಥಿತಿ ತಾತ್ವಿಕವಾಗಿ ಸಾಧ್ಯವಿದೆ. ನಿಜವಾದ ಯಂತ್ರಗಳು ಅಷ್ಟು ದುರದೃಷ್ಟಶಾಲಿಗಳಲ್ಲ, ಆದರೆ ಆ ದಿಕ್ಕಿನಲ್ಲಿ ಸವೆಯುತ್ತಾ ಹೋಗುತ್ತವೆ ಎಂಬುದು ಮಾತ್ರ ನಿಜ.

ಹೆಚ್ಚು ಜಾಣತನದಿಂದ ಜಾಗ ಆರಿಸುವ ಅಲೊಕೇಟರ್ ಬರೆದರೆ ಇದರಿಂದ ಪಾರಾಗಬಹುದೇ? ಜೆ. ಎಂ. ರಾಬ್ಸನ್ 1971ರಲ್ಲಿಯೇ ಈ ಆಸೆಗೆ ನೀರೆರಚಿದ್ದಾರೆ. ಒಮ್ಮೆ ಕೊಟ್ಟ ತುಂಡನ್ನು ಮತ್ತೆ ಸರಿಸಲಾಗದಿದ್ದರೆ, ಯಾವ ಅಲೊಕೇಟರ್ ಆದರೂ ಅತ್ಯಂತ ಕೆಟ್ಟ ಸಂದರ್ಭದಲ್ಲಿ ನಿಜವಾಗಿ ಬಳಕೆಯಲ್ಲಿರುವ ಮೆಮೊರಿಗಿಂತ ಬಹಳ ಹೆಚ್ಚು ಜಾಗ ಬೇಡುತ್ತದೆ, ಮತ್ತು ಆ ಹೆಚ್ಚಳ ಅತಿ ದೊಡ್ಡ ಹಾಗೂ ಅತಿ ಸಣ್ಣ ಕೋರಿಕೆಗಳ ಅನುಪಾತದ ಲಾಗರಿದಮ್‌ಗೆ ತಕ್ಕಂತೆ ಬೆಳೆಯುತ್ತದೆ ಎಂಬುದು ಅವರು ತೋರಿಸಿಕೊಟ್ಟ ಮಿತಿ. ಹಾಗಾದರೆ ಉಳಿದಿರುವ ದಾರಿಗಳು ಎರಡೇ: ಯಾವ ತುಂಡು ಎಷ್ಟು ಕಾಲ ಬದುಕುತ್ತದೆ ಎಂದು ಮೊದಲೇ ಊಹಿಸುವುದು, ಇಲ್ಲವೇ ಊಹೆ ತಪ್ಪಿದ ಮೇಲೆ ತುಂಡುಗಳನ್ನು ಸರಿಸುವುದು.

ಈ ಘಟನೆಯ ನಂತರ ನಾನು ಫ್ರಾಗ್ಮೆಂಟೇಶನ್ ಅನ್ನು ಗಾತ್ರದ ಸಮಸ್ಯೆಯಾಗಿ ನೋಡುವುದನ್ನು ಬಿಟ್ಟು ಆಯುಷ್ಯದ ಸಮಸ್ಯೆಯಾಗಿ ನೋಡತೊಡಗಿದ್ದೇನೆ. ಒಟ್ಟಿಗೆ ಹುಟ್ಟಿ ಒಟ್ಟಿಗೆ ಸಾಯುವ ನೂರು ಪುಟಗಳು ಪಕ್ಕಪಕ್ಕದಲ್ಲಿದ್ದರೆ, ಅವುಗಳ ಗಾತ್ರ ಏನೇ ಇರಲಿ, ಅವು ಹೋದ ಮೇಲೆ ಜಾಗ ಅಖಂಡವಾಗಿಯೇ ಮರಳುತ್ತದೆ. ಕ್ಷಣಕಾಲ ಬದುಕುವ ಮೂವತ್ತೊಂದು ಪುಟಗಳ ನಡುವೆ ಯಂತ್ರ ನಿಲ್ಲುವವರೆಗೂ ಬದುಕುವ ಒಂದು ಪುಟ ಬಂದು ಕುಳಿತರೆ ಆ ತುಂಡು ಶಾಶ್ವತವಾಗಿ ಒಡೆದಂತೆ. ಕಳೆದ ಮೂವತ್ತು ವರ್ಷಗಳಲ್ಲಿ ಕರ್ನಲ್ ಬರೆಯುವವರು ಈ ವಿಷಯದಲ್ಲಿ ಮಾಡಿದ ಕೆಲಸವನ್ನು ಹೀಗೆ ಓದಿದರೆ, ಅದು ಆಯುಷ್ಯವನ್ನು ಇನ್ನಷ್ಟು ಚೆನ್ನಾಗಿ ಊಹಿಸುವ ಪ್ರಯತ್ನಗಳ ಸರಣಿಯಾಗಿ ಕಾಣುತ್ತದೆ.

ಮೊದಲ ಊಹೆ ಸ್ಲ್ಯಾಬ್ ಅಲೊಕೇಟರ್. ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿದ್ದ ಜೆಫ್ ಬಾನ್ವಿಕ್ ಅದನ್ನು ಸೋಲಾರಿಸ್ 2.4ಕ್ಕಾಗಿ ರೂಪಿಸಿ 1994ರಲ್ಲಿ ವಿವರಿಸಿದರು. ಕರ್ನಲ್ ಪದೇ ಪದೇ ಕೇಳುವುದು ಒಂದೇ ಬಗೆಯ ವಸ್ತುಗಳನ್ನು. ಆದ್ದರಿಂದ ಪ್ರತಿ ಬಗೆಗೂ ಒಂದು ಸಂಗ್ರಹ ಇಟ್ಟು, ಪುಟಗಳನ್ನು ಪುಟಗಳ ಅಲೊಕೇಟರ್‌ನಿಂದ ಸಗಟಾಗಿ ತಂದು, ವಸ್ತುಗಳನ್ನು ಚಿಲ್ಲರೆಯಾಗಿ ಕೊಡಬೇಕು ಎಂಬುದು ಅದರ ತಿರುಳು. ಒಂದೇ ಬಗೆಯ ವಸ್ತುಗಳು ಗಾತ್ರದಲ್ಲಿ ಸಮಾನವಾಗಿರುವುದರಿಂದ ಬಿಟ್ಟ ಜಾಗಕ್ಕೆ ಮುಂದಿನ ವಸ್ತು ಅಚ್ಚುಕಟ್ಟಾಗಿ ಕೂರುತ್ತದೆ, ಮತ್ತು ಅವುಗಳ ಆಯುಷ್ಯವೂ ಸುಮಾರಾಗಿ ಸಮಾನವಾಗಿರುತ್ತದೆ ಎಂಬ ನಿರೀಕ್ಷೆ ಅದರೊಳಗೆ ಅಡಗಿದೆ. ಲಿನಕ್ಸ್‌ನಲ್ಲಿ ಈ ವಂಶದ ಮೂರು ಅಲೊಕೇಟರ್‌ಗಳು ಬಹುಕಾಲ ಜೊತೆಯಾಗಿ ಬಾಳಿದವು; ಸ್ಲಾಬ್ (SLOB) ಎಂಬುದು ಕರ್ನಲ್‌ನ 6.4ರ ಆವೃತ್ತಿಯಲ್ಲಿಯೂ ಮೂಲ ಸ್ಲ್ಯಾಬ್ 6.8ರಲ್ಲಿಯೂ ನಿರ್ಗಮಿಸಿ, ಕ್ರಿಸ್ಟೋಫ್ ಲ್ಯಾಮೀಟರ್ ಬರೆದು 2007ರಲ್ಲಿ ಸೇರಿದ ಸ್ಲಬ್ ಒಂದೇ ಈಗ ಉಳಿದಿದೆ.

ಗಾತ್ರದ ನಿರೀಕ್ಷೆ ನೂರಕ್ಕೆ ನೂರು ನಿಜವಾಯಿತು. ಆಯುಷ್ಯದ ನಿರೀಕ್ಷೆ ಹಾಗಾಗಲಿಲ್ಲ, ಮತ್ತು ನನ್ನ ಯಂತ್ರ ಕೆಟ್ಟದ್ದು ಅಲ್ಲಿಯೇ. ಅದರಲ್ಲಿ ಪ್ರತಿ ರಾತ್ರಿ ಲಕ್ಷಗಟ್ಟಲೆ ಫೈಲುಗಳನ್ನು ಒಂದೊಂದಾಗಿ ತೆರೆದು ನೋಡುವ ಬ್ಯಾಕಪ್ ಕೆಲಸವೊಂದು ಓಡುತ್ತಿತ್ತು. ಹಾಗೆ ಮುಟ್ಟಿದ ಪ್ರತಿ ಹೆಸರಿಗೂ ಕರ್ನಲ್ ಹೆಸರಿನ ದಾಖಲೆಯಾದ ಒಂದು ಡೆಂಟ್ರಿಯನ್ನು, ಪ್ರತಿ ಫೈಲಿಗೂ ಅದರ ವಿವರಗಳ ದಾಖಲೆಯಾದ ಒಂದು ಐನೋಡನ್ನು ತನ್ನ ಸಂಗ್ರಹದಲ್ಲಿ ಇಟ್ಟುಕೊಳ್ಳುತ್ತದೆ. ಡೆಂಟ್ರಿಯೊಂದರ ಗಾತ್ರ 192 ಬೈಟ್; ಒಂದು ಪುಟದಲ್ಲಿ ಇಪ್ಪತ್ತೊಂದು ಡೆಂಟ್ರಿಗಳು ಕೂರುತ್ತವೆ. ಅವುಗಳಲ್ಲಿ ಇಪ್ಪತ್ತು ಡೆಂಟ್ರಿಗಳು ಬ್ಯಾಕಪ್ ಒಮ್ಮೆ ನೋಡಿ ಮರೆತುಬಿಟ್ಟ ಫೈಲುಗಳವಾಗಿದ್ದು, ಇಪ್ಪತ್ತೊಂದನೆಯದು ಯಾವುದೋ ಸೇವೆ ತೆರೆದಿಟ್ಟುಕೊಂಡಿರುವ ಡೈರೆಕ್ಟರಿಯದಾಗಿದ್ದರೆ, ಮೆಮೊರಿಯ ಒತ್ತಡ ಬಂದಾಗ ಇಪ್ಪತ್ತು ಹೋಗುತ್ತವೆ, ಒಂದು ಉಳಿಯುತ್ತದೆ, ಅದರೊಂದಿಗೆ ಇಡೀ ಪುಟವೂ ಉಳಿಯುತ್ತದೆ. ಎರಡೂ ಡೆಂಟ್ರಿಗಳೇ, ಒಂದೇ ಬಗೆಯ ವಸ್ತುಗಳೇ; ಆದರೆ ಒಂದರ ಆಯುಷ್ಯ ನಿಮಿಷಗಳು, ಇನ್ನೊಂದರದು ತಿಂಗಳುಗಳು. ಈ ಸಂಗ್ರಹಗಳ ಲೆಕ್ಕ ತೋರಿಸುವ ಸ್ಲ್ಯಾಬ್‌ಟಾಪ್ ತೆರೆದು ನೋಡಿದಾಗ ಬ್ಯಾಕಪ್ ಮುಗಿದು ಬಹಳ ಹೊತ್ತಾದ ಮೇಲೂ ಆ ಸಂಗ್ರಹ ಹಿಡಿದುಕೊಂಡಿದ್ದ ಪುಟಗಳ ಸಂಖ್ಯೆಗೂ ನಿಜವಾಗಿ ಬಳಕೆಯಲ್ಲಿದ್ದ ವಸ್ತುಗಳ ಸಂಖ್ಯೆಗೂ ತಾಳಮೇಳವೇ ಇರಲಿಲ್ಲ. ಸ್ಲಬ್ ಇದಕ್ಕೆ ತನ್ನ ಪಾಲಿನ ಗೊಂದಲವನ್ನೂ ಸೇರಿಸುತ್ತದೆ: ಗಾತ್ರ ಮತ್ತು ಗುಣಗಳು ಹೊಂದುವ ಬೇರೆ ಬೇರೆ ಸಂಗ್ರಹಗಳನ್ನು ಅದು ಮೆಮೊರಿ ಉಳಿಸುವ ಸಲುವಾಗಿ ಒಂದಾಗಿ ಬೆಸೆಯುತ್ತದೆ. ಹೀಗೆ ಬಗೆಗೊಂದು ಸಂಗ್ರಹ ಎಂಬ ಮೂಲ ಉದ್ದೇಶ ಅಷ್ಟರಮಟ್ಟಿಗೆ ಸಡಿಲವಾಗುತ್ತದೆ. ಇದು ಲೆಕ್ಕಾಚಾರದ ರಾಜಿ ಎಂದು ನಾನು ಒಪ್ಪುತ್ತೇನೆ, ಆದರೆ ದೀರ್ಘಕಾಲ ಓಡುವ ಯಂತ್ರಗಳಿಗೆ ಅದು ಒಳ್ಳೆಯ ರಾಜಿಯೇ ಎಂಬ ಬಗ್ಗೆ ನನಗೆ ಅನುಮಾನವಿದೆ.

ಎರಡನೆಯ ಊಹೆ ಹೆಚ್ಚು ಒರಟಾದದ್ದು, ಮತ್ತು ನನ್ನ ಮಟ್ಟಿಗೆ ಹೆಚ್ಚು ಪ್ರಾಮಾಣಿಕವಾದದ್ದು. ಮೆಲ್ ಗೋರ್ಮನ್ ಹಲವು ವರ್ಷ ತಿದ್ದಿ ತೀಡಿ, ಕೊನೆಗೆ 2.6.24ರ ಆವೃತ್ತಿಯಲ್ಲಿ ಸೇರಿಸಿದ ಈ ವ್ಯವಸ್ಥೆ ನಿಖರ ಆಯುಷ್ಯವನ್ನು ಕೇಳುವುದೇ ಇಲ್ಲ. ‘ಈ ಪುಟವನ್ನು ಸರಿಸಬಹುದೇ’ ಎಂದಷ್ಟೇ ಕೇಳುತ್ತದೆ. ಬಳಕೆದಾರನ ಪುಟಗಳನ್ನು ಸರಿಸಬಹುದು, ಏಕೆಂದರೆ ಅವನ್ನು ಯಾವ ಯಾವ ಪೇಜ್ ಟೇಬಲ್‌ಗಳು ತೋರಿಸುತ್ತಿವೆ ಎಂದು ಹಿಂದಕ್ಕೆ ಹುಡುಕುವ ದಾರಿ ಕರ್ನಲ್‌ಗೆ ಇದೆ. ಹೊಸ ಜಾಗಕ್ಕೆ ನಕಲು ಮಾಡಿ, ಆ ಟೇಬಲ್‌ಗಳನ್ನು ತಿದ್ದಿದರೆ ಪ್ರೋಗ್ರಾಂಗೆ ಸುಳಿವೂ ಹತ್ತುವುದಿಲ್ಲ. ಡೆಂಟ್ರಿಯಂತಹವನ್ನು ಸರಿಸಲಾಗದು, ಆದರೆ ಒತ್ತಾಯಿಸಿದರೆ ಬಿಡಿಸಿಕೊಳ್ಳಬಹುದು. ಕೆಮ್ಯಾಲಕ್ ಮೂಲಕ ಪಡೆದ ಸಾಮಾನ್ಯ ಜಾಗವನ್ನು ಎರಡೂ ಮಾಡಲಾಗದು: ಅದರ ವಿಳಾಸ ಯಾವ ಪಾಯಿಂಟರ್‌ಗಳಲ್ಲಿ, ಯಾವ ಸಾಧನದ ರಿಜಿಸ್ಟರಿನಲ್ಲಿ ಕುಳಿತಿದೆ ಎಂದು ಯಾರಿಗೂ ಲೆಕ್ಕವಿಲ್ಲ. ಹೀಗೆ ಮೂರು ಜಾತಿ ಮಾಡಿ, ಮೆಮೊರಿಯನ್ನು ಸಾಮಾನ್ಯವಾಗಿ 2 ಎಂಬಿಯ ಪೇಜ್‌ಬ್ಲಾಕ್‌ಗಳಾಗಿ ವಿಂಗಡಿಸಿ, ಪ್ರತಿ ಬ್ಲಾಕ್‌ನಲ್ಲಿ ಒಂದೇ ಜಾತಿಯ ಪುಟಗಳು ಇರುವಂತೆ ಅಲೊಕೇಟರ್ ಪ್ರಯತ್ನಿಸುತ್ತದೆ. ಸರಿಸಲಾಗದ ಪುಟಗಳು ಹೇಗಿದ್ದರೂ ಕೆಲವು ಬ್ಲಾಕ್‌ಗಳನ್ನು ಕೆಡಿಸುತ್ತವೆ. ಅವು ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕೆಡಿಸುವ ಬದಲು ಕೆಲವನ್ನೇ ಪೂರ್ತಿಯಾಗಿ ಕೆಡಿಸಲಿ ಎಂಬುದು ಇದರ ಹಿಂದಿನ ವಿವೇಕ.

‘ಪ್ರಯತ್ನಿಸುತ್ತದೆ’ ಎಂಬ ಪದವನ್ನು ಯೋಚಿಸಿಯೇ ಬಳಸಿದ್ದೇನೆ. ಒಂದು ಜಾತಿಯ ಖಾಲಿ ಪುಟಗಳು ಮುಗಿದಾಗ ಕರ್ನಲ್ ಕೋರಿಕೆಯನ್ನು ತಿರಸ್ಕರಿಸುವುದಿಲ್ಲ, ಇನ್ನೊಂದು ಜಾತಿಯ ಬ್ಲಾಕ್‌ನಿಂದ ಕಿತ್ತುಕೊಳ್ಳುತ್ತದೆ. ಕಿತ್ತುಕೊಳ್ಳುವಾಗಲೂ ಸಾಧ್ಯವಾದಷ್ಟು ದೊಡ್ಡ ತುಂಡನ್ನೇ ಆರಿಸಿ, ಅನುಕೂಲವಾದರೆ ಇಡೀ ಬ್ಲಾಕಿನ ಜಾತಿಯನ್ನೇ ಬದಲಿಸುತ್ತದೆ. ಇದರಿಂದ ಮುಂದಿನ ಕೋರಿಕೆಗಳೂ ಅಲ್ಲಿಯೇ ಸೇರಿ ಹೊಸ ಬ್ಲಾಕ್‌ಗಳು ಕೆಡುವುದು ತಪ್ಪುತ್ತದೆ. ಆದರೂ ಒತ್ತಡದ ಪ್ರತಿ ರಾತ್ರಿಯೂ ಗಡಿಗಳು ಸ್ವಲ್ಪ ಸ್ವಲ್ಪ ಅಳಿಸಿಹೋಗುತ್ತವೆ. ‘ಪೇಜ್‌ಟೈಪ್‌ಇನ್ಫೋ’ ಫೈಲನ್ನು ಓದಿದಾಗ ನನ್ನ ಯಂತ್ರದಲ್ಲಿ ಬಿಡಿಸಿಕೊಳ್ಳಬಹುದಾದ ಜಾತಿಯ ಬ್ಲಾಕ್‌ಗಳು ಬೂಟ್ ಆದ ಹೊಸತರಲ್ಲಿ ಇರಬೇಕಾದ್ದಕ್ಕಿಂತ ಎಷ್ಟೋ ಹೆಚ್ಚಾಗಿದ್ದವು. ಆರು ವಾರಗಳ ಬ್ಯಾಕಪ್‌ಗಳ ಚರಿತ್ರೆ ಆ ಒಂದು ಸಾಲಿನಲ್ಲಿ ಬರೆದಿಟ್ಟಂತಿತ್ತು.

ಊಹೆ ತಪ್ಪಿದ ಮೇಲೆ ಸರಿಸುವ ಕೆಲಸ ಕಂಪ್ಯಾಕ್ಶನ್‌ನದು. ಇದೂ ಗೋರ್ಮನ್ ಅವರದೇ ಕೊಡುಗೆ, 2010ರಲ್ಲಿ 2.6.35ರೊಂದಿಗೆ ಬಂದಿತು. ಅದು ವಲಯವೊಂದರ ಎರಡು ತುದಿಗಳಿಂದ ಎರಡು ಶೋಧಕರನ್ನು ಹೊರಡಿಸುತ್ತದೆ. ಕೆಳಗಿನಿಂದ ಹೊರಟವನು ಸರಿಸಬಹುದಾದ ಪುಟಗಳನ್ನು ಆಯುತ್ತಾ ಬರುತ್ತಾನೆ, ಮೇಲಿನಿಂದ ಹೊರಟವನು ಖಾಲಿ ಪುಟಗಳನ್ನು ಆಯುತ್ತಾ ಬರುತ್ತಾನೆ; ಮೊದಲನೆಯವನ ಪುಟಗಳನ್ನು ಎರಡನೆಯವನ ಖಾಲಿ ಜಾಗಗಳಿಗೆ ಸಾಗಿಸಲಾಗುತ್ತದೆ, ಮತ್ತು ಇಬ್ಬರೂ ಎದುರಾದಲ್ಲಿಗೆ ಒಂದು ಸುತ್ತು ಮುಗಿಯುತ್ತದೆ. ಆರಂಭದಲ್ಲಿ ಇದು ಮೆಮೊರಿ ಕೇಳಿದವನ ಸಮಯದಲ್ಲಿಯೇ ನಡೆಯುತ್ತಿತ್ತು, ಇದರಿಂದ ಒಂದು ಸಣ್ಣ ಕೋರಿಕೆಯೂ ಇದ್ದಕ್ಕಿದ್ದಂತೆ ಬಹಳ ಹೊತ್ತು ಹಿಡಿಯುವುದಿತ್ತು. 2016ರ 4.6ರಲ್ಲಿ ಹಿನ್ನೆಲೆಯಲ್ಲಿ ಓಡುವ ಕೆಕಂಪ್ಯಾಕ್ಟ್‌ಡಿ ಎಂಬ ಥ್ರೆಡ್ ಬಂದಿತು, 2020ರ 5.9ರಲ್ಲಿ ಯಾರೂ ಕೇಳುವ ಮೊದಲೇ ಮೆಮೊರಿಯನ್ನು ಒಪ್ಪವಾಗಿಡುವ ವ್ಯವಸ್ಥೆಯೂ ಸೇರಿತು. ಅಲೊಕೇಶನ್ ಸೋಲುವಾಗ ಅದಕ್ಕೆ ಕಾರಣ ಮೆಮೊರಿಯ ಕೊರತೆಯೋ ಅಥವಾ ಫ್ರಾಗ್ಮೆಂಟೇಶನ್ನೋ ಎಂದು ಅಳೆಯುವ ಒಂದು ಸೂಚ್ಯಂಕವನ್ನೂ ಕರ್ನಲ್ ಇಟ್ಟುಕೊಂಡಿದೆ. ಸೂಚ್ಯಂಕ ಸೊನ್ನೆಯ ಕಡೆ ವಾಲಿದರೆ ಕೊರತೆ, ಸಾವಿರದ ಕಡೆ ವಾಲಿದರೆ ಫ್ರಾಗ್ಮೆಂಟೇಶನ್. ಕಂಪ್ಯಾಕ್ಶನ್ ಮಾಡಬೇಕೇ ಎಂದು ತೀರ್ಮಾನಿಸುವ ಪೂರ್ವನಿಗದಿತ ಗಡಿ 500.

ನಾನು ‘ಕಂಪ್ಯಾಕ್ಟ್ ಮೆಮೊರಿ’ ಫೈಲಿಗೆ 1 ಎಂದು ಬರೆದು ಒಂದು ಪೂರ್ಣ ಸುತ್ತನ್ನು ಕೈಯಾರೆ ಓಡಿಸಿದೆ. ಐದನೆಯ ಆರ್ಡರ್‌ನ ಸೊನ್ನೆ ನೂರರ ಲೆಕ್ಕಕ್ಕೆ ಏರಿತು, ಡ್ರೈವರ್ ಮತ್ತೆ ಸಂಪರ್ಕಗಳನ್ನು ಒಪ್ಪಿಕೊಂಡಿತು, ನಾನು ಗೆದ್ದೆ ಎಂದುಕೊಂಡೆ. ಮರುದಿನ ಬೆಳಿಗ್ಗೆ, ರಾತ್ರಿಯ ಬ್ಯಾಕಪ್ ಮುಗಿದ ಮೇಲೆ, ಆ ಅಂಕಣದಲ್ಲಿ ಮತ್ತೆ ಸೊನ್ನೆ ಕುಳಿತಿತ್ತು.

ಇಷ್ಟಾದ ಮೇಲೆ ನನ್ನ ಕೋಡನ್ನೇ ಅನುಮಾನದಿಂದ ಓದಿದೆ; ಮೊದಲೇ ಓದಬೇಕಿತ್ತು. ಅಲೊಕೇಶನ್ ನಡೆಯುತ್ತಿದ್ದದ್ದು ಸ್ಪಿನ್‌ಲಾಕ್, ಅಂದರೆ ಉಳಿದವರು ಸುತ್ತುತ್ತಲೇ ಕಾಯಬೇಕಾದ ಬೀಗ, ಹಿಡಿದ ಸ್ಥಿತಿಯಲ್ಲಿ. ಅಲ್ಲಿ ಮಲಗುವಂತಿಲ್ಲ, ಅಂದರೆ ಪ್ರೊಸೆಸರನ್ನು ಬಿಟ್ಟುಕೊಟ್ಟು ಕಾಯುವಂತಿಲ್ಲ, ಆದ್ದರಿಂದ ಜಿಎಫ್‌ಪಿ ಅಟಾಮಿಕ್ ಎಂಬ ಗುರುತಿನೊಂದಿಗೆ ಕೇಳಬೇಕು, ಮತ್ತು ಆ ಗುರುತು ಇದ್ದಾಗ ಕರ್ನಲ್ ಕೋರಿಕೆಯ ಹೊತ್ತಿನಲ್ಲಿ ಕಂಪ್ಯಾಕ್ಶನ್ ಮಾಡುವಂತಿಲ್ಲ, ಪುಟಗಳನ್ನು ಬಿಡಿಸಿಕೊಳ್ಳಲು ಕಾಯುವಂತಿಲ್ಲ. ಹಿನ್ನೆಲೆಯ ಥ್ರೆಡ್‌ಗಳನ್ನು ಎಬ್ಬಿಸಿ, ಆ ಕ್ಷಣಕ್ಕೆ ಪಟ್ಟಿಯಲ್ಲಿ ಇದ್ದರೆ ಕೊಡುವುದು, ಇಲ್ಲದಿದ್ದರೆ ಇಲ್ಲವೆನ್ನುವುದು, ಇಷ್ಟೇ ಅದರ ಕೈಯಲ್ಲಿರುವುದು. ತುರ್ತಿಗೆಂದು ಕಾದಿಟ್ಟ ಮೀಸಲು ಮೆಮೊರಿಯಲ್ಲಿ ಇನ್ನೂ ಆಳಕ್ಕೆ ಕೈಹಾಕಲು ಅಟಾಮಿಕ್ ಕೋರಿಕೆಗಳಿಗೆ ಅನುಮತಿ ಉಂಟು, ಆದರೆ ಆ ಮೀಸಲೂ ಚೂರುಗಳಲ್ಲೇ ಇದ್ದರೆ ಆ ಅನುಮತಿಯಿಂದ ಪ್ರಯೋಜನವೇನು? ಮಲಗಲು ಸಾಧ್ಯವಿರುವ ಸಾಮಾನ್ಯ ಕೋರಿಕೆಗಳಿಗೂ ಒಂದು ಗೆರೆ ಇದೆ. ಮೂರನೆಯ ಆರ್ಡರ್‌ವರೆಗೆ, ಅಂದರೆ 32 ಕೆಬಿವರೆಗೆ, ಕರ್ನಲ್ ಬಿಡದೆ ಪ್ರಯತ್ನಿಸುತ್ತದೆ, ಅಗತ್ಯ ಬಿದ್ದರೆ ಯಾವುದೋ ಪ್ರೋಗ್ರಾಂ ಅನ್ನು ಕೊಂದಾದರೂ ಜಾಗ ಹೊಂದಿಸುತ್ತದೆ. ಅದನ್ನು ಮೀರಿದ ಕೋರಿಕೆಗಳನ್ನು ‘ದುಬಾರಿ’ ಎಂದು ವರ್ಗೀಕರಿಸಿದೆ. ಅವುಗಳಿಗಾಗಿ ಸ್ವಲ್ಪ ಹೊತ್ತು ಹೆಣಗಿ, ನಂತರ ಕೈಚೆಲ್ಲುತ್ತದೆ. 128 ಕೆಬಿಯನ್ನು ಅಖಂಡವಾಗಿ, ತಕ್ಷಣವೇ, ಆರು ವಾರ ಓಡಿದ ಯಂತ್ರದಲ್ಲಿ ಕೇಳಿದ್ದು ನನ್ನದೇ ಹಟ.

ಎಲ್ಲಕ್ಕಿಂತ ಹೆಚ್ಚು ಮುಜುಗರದ ಸಂಗತಿ ಎಂದರೆ ಆ ಬಫರ್ ಭೌತಿಕವಾಗಿ ಅಖಂಡವಾಗಿರುವ ಅಗತ್ಯವೇ ಇರಲಿಲ್ಲ. ಸಾಧನ ಅದನ್ನು ಮುಟ್ಟುತ್ತಿರಲಿಲ್ಲ. ಪ್ರೊಸೆಸರ್ ಮಾತ್ರ ಅದರೊಳಗೆ ನಕಲು ಮಾಡುತ್ತಿತ್ತು. ಇಂತಹ ಕಡೆ ವಿಮ್ಯಾಲಕ್ ಸಾಕು: ಅದು ಒಂಟಿ ಪುಟಗಳನ್ನು ಎಲ್ಲೆಲ್ಲಿಂದಲೋ ಆರಿಸಿ ತಂದು ಕರ್ನಲ್ ವಿಳಾಸಗಳಲ್ಲಿ ಸಾಲಾಗಿ ಹೊಲಿಯುತ್ತದೆ. ಪೇಜ್ ಟೇಬಲ್ ತಿದ್ದುವ ಖರ್ಚು, ಟಿಎಲ್‌ಬಿಯ ಮೇಲೆ ಸ್ವಲ್ಪ ಹೆಚ್ಚಿನ ಹೊರೆ, ಇವಿಷ್ಟು ಅದರ ಬೆಲೆ. 4.12ರಿಂದ ಇರುವ ಕೆವಿಮ್ಯಾಲಕ್ ಇನ್ನೂ ಸಭ್ಯವಾದದ್ದು; ಮೊದಲು ಹೆಚ್ಚು ಒತ್ತಾಯವಿಲ್ಲದೆ ಕೆಮ್ಯಾಲಕ್ ಅನ್ನು ಕೇಳಿ, ಸಿಗದಿದ್ದರೆ ಸದ್ದಿಲ್ಲದೆ ವಿಮ್ಯಾಲಕ್ ಕಡೆ ತಿರುಗುತ್ತದೆ. ಕರ್ನಲ್ ತನ್ನ ಸ್ಟ್ಯಾಕ್‌ಗಳ, ಅಂದರೆ ಪ್ರತಿ ಥ್ರೆಡ್‌ನ ತಾತ್ಕಾಲಿಕ ಕೆಲಸದ ಜಾಗಗಳ, ವಿಷಯದಲ್ಲಿ ಇದೇ ದಾರಿ ಹಿಡಿದದ್ದು ನನಗೆ ಸ್ವಲ್ಪ ಸಮಾಧಾನ ಕೊಟ್ಟಿತು. 64 ಬಿಟ್ ಎಕ್ಸ್86ನಲ್ಲಿ ಪ್ರತಿ ಥ್ರೆಡ್‌ನ ಕರ್ನಲ್ ಸ್ಟ್ಯಾಕ್ 3.15ರಲ್ಲಿ 8 ಕೆಬಿಯಿಂದ 16 ಕೆಬಿಗೆ ಏರಿದಾಗ ಪ್ರತಿ ಹೊಸ ಥ್ರೆಡ್‌ಗೂ ನಾಲ್ಕು ಪುಟಗಳ ಅಖಂಡ ತುಂಡು ಬೇಕಾಯಿತು; 4.9ರಲ್ಲಿ ಸ್ಟ್ಯಾಕ್‌ಗಳನ್ನು ವಿಮ್ಯಾಲಕ್ ಕ್ಷೇತ್ರಕ್ಕೆ ಸ್ಥಳಾಂತರಿಸಿದ ಮೇಲೆ ಆ ಬೇಡಿಕೆ ತಪ್ಪಿತು, ಸ್ಟ್ಯಾಕ್ ಉಕ್ಕಿ ಹರಿದರೆ ಹಿಡಿಯಲು ಕಾವಲು ಪುಟವನ್ನು ಇಡುವ ಅನುಕೂಲವೂ ದೊರೆಯಿತು.

ಕೆವಿಮ್ಯಾಲಕ್ ಮಲಗಬಹುದಾದ್ದರಿಂದ ಅದನ್ನು ಸ್ಪಿನ್‌ಲಾಕ್ ಒಳಗೆ ಕರೆಯುವಂತಿಲ್ಲ. ಹಾಗಾಗಿ ಅಲೊಕೇಶನ್ ಅನ್ನು ಲಾಕ್ ಹಿಡಿಯುವ ಮೊದಲಿನ ಹಂತಕ್ಕೆ ಎಳೆದುತಂದೆ, 24 ಬೈಟ್‌ಗಳ ಶಿರೋಭಾಗವನ್ನು ಬಫರ್‌ನಿಂದ ಬೇರ್ಪಡಿಸಿ ಅದರದೇ ಆದ ಸಣ್ಣ ಸಂಗ್ರಹದಲ್ಲಿ ಇಟ್ಟೆ, ಮುಗಿದ ಸಂಪರ್ಕಗಳ ಬಫರ್‌ಗಳಲ್ಲಿ ಕೆಲವನ್ನು ಹಿಂದಿರುಗಿಸದೆ ಮುಂದಿನವುಗಳಿಗೆ ಕಾದಿಟ್ಟೆ. ಒಟ್ಟು ಬದಲಾವಣೆ ಅರವತ್ತು ಸಾಲುಗಳಿಗೂ ಕಡಿಮೆ. ಬ್ಯಾಕಪ್ ಈಗಲೂ ಪ್ರತಿ ರಾತ್ರಿ ಓಡುತ್ತದೆ, ಡೆಂಟ್ರಿಗಳು ಈಗಲೂ ಪುಟಗಳನ್ನು ಹಿಡಿದುಕೊಂಡು ಕೂರುತ್ತವೆ. ಈ ಬೆಳಿಗ್ಗೆ ಬಡ್ಡಿಇನ್ಫೋ ತೆರೆದು ನೋಡಿದೆ: ಐದನೆಯ ಆರ್ಡರ್‌ನ ಅಂಕಣದಲ್ಲಿ ಸೊನ್ನೆಯೇ ಇದೆ, ಲಾಗ್‌ನಲ್ಲಿ ಮಾತ್ರ ಏನೂ ಇಲ್ಲ.